ಗುಂಯ್ ಅನ್ನುತ್ತೆ, ನೀರು ಎತ್ತಲ್ಲ: ಸೆಲ್ಲಾರ್ ಮೋಟಾರ್ ಪದೇ ಪದೇ ಯಾಕೆ ಸುಡುತ್ತೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಮನೆ. ಕೆಳಗೆ ಗಾಡಿ ನಿಲ್ಲಿಸಲು ಸೆಲ್ಲಾರ್ ಇದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ಕೆಲವು ದಿನಕ್ಕೆ ಅದರ ನೆಲದಲ್ಲಿ ನೀರು ಜಿನುಗಲು ಶುರುವಾಗುತ್ತೆ. ಅದಕ್ಕೆಂದೇ ಮೂಲೆಯಲ್ಲಿ 2 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿ ಮಾಡಿಸಿ, ಅರ್ಧ ಎಚ್‌ಪಿ ಓಪನ್‌ವೆಲ್ ಮೋಟಾರ್ ಮಲಗಿಸಿ, ನೀರು ಏರಿದರೆ ಆನ್, ಇಳಿದರೆ ಆಫ್ ಆಗುವ ಫ್ಲೋಟ್ ಸ್ವಿಚ್ ಹಾಕಿಸಿದ್ದೇವೆ. ಒಂದೂವರೆ ಇಂಚಿನ ಪೈಪ್, ಸುಮಾರು 25 ಅಡಿ. ಎರಡು ನಿಮಿಷಕ್ಕೊಮ್ಮೆ ಆನ್ ಆಗಿ, ಹತ್ತು ಹದಿನೈದು ಸೆಕೆಂಡ್ ಓಡಿ ನಿಲ್ಲುತ್ತಿತ್ತು. ಮೊನ್ನೆ ರಾತ್ರಿ ಜೋರು ಮಳೆ. ಬೆಳಿಗ್ಗೆ ನೋಡಿದರೆ ಮೊಣಕಾಲುದ್ದ ನೀರು. ಮೋಟಾರ್ ಗುಂಯ್ ಅನ್ನುತ್ತಿತ್ತು, ನೀರು ಎತ್ತುತ್ತಿರಲಿಲ್ಲ. ಇಳಿದು ಕೈಯಲ್ಲಿ ಅಲ್ಲಾಡಿಸಿದೆ, ಆಗಲಿಲ್ಲ. ಮೆಕ್ಯಾನಿಕ್ ಬಂದು ಸುಟ್ಟಿದೆ, ರಿವೈಂಡಿಂಗ್ ಮಾಡಿಸಬೇಕು, ಅಂದರೆ ಒಳಗಿನ ತಂತಿ ಸುರುಳಿ ಹೊಸದಾಗಿ ಸುತ್ತಿಸಬೇಕು ಅಂದರು. ಎರಡು ತಿಂಗಳಲ್ಲಿ ಇದು ಎರಡನೇ ಸಲ. ನೀರು ಇನ್ನೂ ಹಾಗೇ ನಿಂತಿದೆ. ಈಗ ಏನು ಮಾಡಲಿ? ಪಕ್ಕದಲ್ಲೇ ಕುಡಿಯುವ ನೀರಿನ ಸಂಪ್ ಇದೆ, ಅದಕ್ಕೂ ಸ್ವಲ್ಪ ಕೆಂಪು ನೀರು ಸೇರಿದ ಹಾಗಿದೆ. ಅದನ್ನೂ ಖಾಲಿ ಮಾಡಿ ತೊಳೆಸಲಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಒಂದೇ ಮಾತು. ‘ಇಳಿದು ಕೈಯಲ್ಲಿ ಅಲ್ಲಾಡಿಸಿದೆ.’ ಮೋಟಾರ್ ಗುಂಯ್ ಅನ್ನುತ್ತಿತ್ತು ಅಂದರೆ ಅದರೊಳಗೆ ಕರೆಂಟ್ ಹರಿಯುತ್ತಿತ್ತು. ಆ ಹೊತ್ತಿಗೆ ಕೇಬಲ್ ಒಂದು ಕಡೆ ಸೀಳಿದ್ದರೂ ಸಾಕಿತ್ತು. ಮೈಸೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೆಲಸ ಮಾಡಿದ್ದೇನೆ. ನಿಂತ ನೀರಿಗೆ ಕಾಲಿಟ್ಟ ಕೂಡಲೇ ಪಾದ ಜುಮ್ ಅಂದು ಹಿಂದೆ ಹಾರಿದ್ದು ನನಗೂ ಒಮ್ಮೆ ಆಗಿದೆ. ಆ ಮನೆಯಲ್ಲಿ ಮೋಟಾರಿನ ಸ್ವಿಚ್ ಆಫ್ ಆಗಿತ್ತು. ಗೋಡೆಯ ಕೆಳಭಾಗದಲ್ಲಿದ್ದ ಪ್ಲಗ್ ಪಾಯಿಂಟ್ ಒಂದು ನೀರಲ್ಲಿ ಮುಳುಗಿತ್ತು, ಅಷ್ಟೇ.

ಅದಕ್ಕೇ ಮೋಟಾರಿನ ಸ್ವಿಚ್ ಆರಿಸಿದರೆ ಸಾಲದು. ಮನೆಯ ಮೇನ್ ಆಫ್ ಮಾಡಬೇಕು. ಅದೂ ಒಣ ನೆಲದ ಮೇಲೆ ನಿಂತು, ಒಣ ಕೈಯಲ್ಲಿ. ಮೀಟರ್ ಬೋರ್ಡ್ ಸೆಲ್ಲಾರ್‌ನಲ್ಲೇ ಇದ್ದು ಅಲ್ಲಿಗೆ ಹೋಗಲು ನೀರಲ್ಲಿ ನಡೆಯಬೇಕು ಅಂದರೆ ಹೋಗಬೇಡಿ. 1912ಕ್ಕೆ ಫೋನ್ ಮಾಡಿ, ಸೆಸ್ಕ್‌ನವರು (ವಿದ್ಯುತ್ ಕಂಪನಿಯವರು) ಕಂಬದಲ್ಲೇ ಸಂಪರ್ಕ ತೆಗೆಯುತ್ತಾರೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಆರಿಸಿದ ಮೇಲೂ ಇನ್ವರ್ಟರ್ ತಂತಿಯಲ್ಲಿ ಕರೆಂಟ್ ಇರುತ್ತೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಇಷ್ಟೂ ಆಗುವವರೆಗೆ ಮಕ್ಕಳು, ಮನೆಕೆಲಸದವರು ಯಾರೂ ಮೆಟ್ಟಿಲು ಇಳಿಯಬಾರದು. ಗಾಡಿ ಮುಳುಗಿದರೆ ಮುಳುಗಲಿ.

ಇನ್ನು ನೀರು. ಮಂಡ್ಯದಲ್ಲಿ ಇದಕ್ಕೆ ಪರದಾಡಬೇಕಿಲ್ಲ. ಗದ್ದೆ ಇರುವ ನೆಂಟರು, ಪರಿಚಯದವರು ಯಾರಾದರೊಬ್ಬರ ಹತ್ತಿರ ಪೆಟ್ರೋಲ್ ಇಲ್ಲವೇ ಡೀಸೆಲ್ ಪಂಪ್‌ಸೆಟ್ ಇದ್ದೇ ಇರುತ್ತೆ. ಒಂದು ದಿನಕ್ಕೆ ಕೇಳಿ ತನ್ನಿ. ಆದರೆ ಎಂಜಿನ್ ರಸ್ತೆ ಮಟ್ಟದಲ್ಲಿ, ಬಯಲಲ್ಲಿ ಇರಬೇಕು. ಹೀರುವ ಪೈಪ್ ಮಾತ್ರ ಕೆಳಗೆ ಹೋಗಬೇಕು. ಪೈಪ್ ಗಿಡ್ಡ ಅಂತ ಎಂಜಿನ್ನನ್ನು ಸೆಲ್ಲಾರ್ ಒಳಗೋ ರ‍್ಯಾಂಪ್ ಮೇಲೋ ಇಟ್ಟರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ. ಮನುಷ್ಯ ತಲೆಸುತ್ತಿ ಬೀಳುವವರೆಗೆ ಗೊತ್ತೇ ಆಗಲ್ಲ. ಎತ್ತಿದ ನೀರನ್ನು ರಸ್ತೆ ಬದಿಯ ಮಳೆ ಚರಂಡಿಗೆ ಬಿಡಿ. ಯುಜಿಡಿ (ಒಳಚರಂಡಿ) ಚೇಂಬರಿಗೆ ಬಿಟ್ಟರೆ ನಿಮ್ಮದೋ ಪಕ್ಕದವರದೋ ಬಾತ್‌ರೂಮಿನಲ್ಲಿ ಉಕ್ಕುತ್ತೆ. ಕಾಂಪೌಂಡಿನ ಒಳಗೇ ಬಿಟ್ಟರೆ ಮಣ್ಣಿಗಿಳಿದು ಮತ್ತೆ ಸೆಲ್ಲಾರಿಗೇ ಬರುತ್ತೆ.

ಒಂದೇ ಉಸಿರಿಗೆ ಪೂರ್ತಿ ಖಾಲಿ ಮಾಡಲು ಹೋಗಬೇಡಿ. ಹೊರಗಡೆ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನು ಒಳಕ್ಕೆ ಒತ್ತುತ್ತಿರುತ್ತೆ, ನೆಲವನ್ನು ಮೇಲಕ್ಕೆ ಎತ್ತುತ್ತಿರುತ್ತೆ. ಒಳಗಿನ ನೀರು ಆ ಒತ್ತಡಕ್ಕೆ ಎದುರು ನಿಂತಿರುತ್ತೆ. ನಿಮ್ಮದು ಮೊಣಕಾಲುದ್ದ ನೀರು, ದೊಡ್ಡ ಅಪಾಯವಿಲ್ಲ. ಆದರೂ ಅರ್ಧ ಇಳಿಸಿ, ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡು ಗಂಟೆ ಬಿಟ್ಟು ನೋಡಿ. ನೀರು ಗೆರೆ ದಾಟಿ ಬೇಗ ಮೇಲೆ ಬಂದರೆ ಹೊರಗಿನ ನೀರು ಇನ್ನೂ ಇಳಿದಿಲ್ಲ ಅಂತ ಅರ್ಥ. ಆಗ ನಿಧಾನಿಸಿ. ಎದೆಮಟ್ಟ ನಿಂತಿದ್ದರೆ ಎರಡು ಮೂರು ದಿನ ತೆಗೆದುಕೊಂಡು ಇಳಿಸಿ ಅನ್ನುತ್ತಿದ್ದೆ.

ಈಗ ಆ ಗುಂಯ್ ಶಬ್ದಕ್ಕೆ ಬರೋಣ. ನಿಜವಾಗಿ ಸುಟ್ಟು ಹೋದ ಮೋಟಾರ್ ಹಾಗೆ ಗುಂಯ್ ಅನ್ನುವುದು ಕಡಿಮೆ. ಅದು ಸುಮ್ಮನಿರುತ್ತೆ, ಇಲ್ಲವೇ ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಕೆಳಗೆ ಬೀಳಿಸುತ್ತೆ. ಗುಂಯ್ ಅಂದರೆ ವೈಂಡಿಂಗಿಗೆ ಕರೆಂಟ್ ಬರುತ್ತಿದೆ, ತಿರುಗಲು ಆಗುತ್ತಿಲ್ಲ ಅಂತ. ಸಿಂಗಲ್ ಫೇಸ್ ಮೋಟಾರಿನಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಮೋಟಾರ್ ತಿರುಗಲು ಶುರುಮಾಡಿಸುವ ಕೆಪಾಸಿಟರ್ ಹೋಗಿರಬೇಕು, ಇಲ್ಲವೇ ನೀರನ್ನು ತಳ್ಳುವ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ಏನೋ ಸಿಕ್ಕಿಕೊಂಡಿರಬೇಕು. ಎರಡೂ ಸಣ್ಣ ರಿಪೇರಿ. ಆದರೆ ಗುಂಯ್ ಅನ್ನುವ ಮೋಟಾರನ್ನು ಹತ್ತು ಸೆಕೆಂಡಿಗಿಂತ ಜಾಸ್ತಿ ಹಾಗೆ ಬಿಟ್ಟರೆ ಆಮೇಲೆ ನಿಜವಾಗಿಯೂ ಸುಡುತ್ತೆ. ತಿರುಗದೆ ನಿಂತ ಮೋಟಾರ್ ಎಂದಿನ ಐದಾರು ಪಟ್ಟು ಕರೆಂಟ್ ಎಳೆಯುತ್ತಿರುತ್ತೆ.

ಮೇನ್ ಆಫ್ ಆದ ಮೇಲೆ, ನೀರು ಇಳಿದ ಮೇಲೆ, ಮೋಟಾರನ್ನು ಮೇಲೆತ್ತಿ. ಕೇಬಲ್ ಹಿಡಿದು ಎಳೆಯಬೇಡಿ. ಕೇಬಲ್ ಮೋಟಾರಿನೊಳಗೆ ಹೋಗುವ ಜಾಗದಲ್ಲಿ ಒಂದು ರಬ್ಬರ್ ಬಿಗಿ ಇರುತ್ತೆ. ನಾಲ್ಕು ಸಲ ಎಳೆದರೆ ಅದು ಸಡಿಲವಾಗಿ ನೀರು ಒಳಗೆ ಹೋಗುತ್ತೆ. ಹಿಡಿಗೆ ನೈಲಾನ್ ಹಗ್ಗ ಕಟ್ಟಿ, ಯಾವಾಗಲೂ ಅದರಲ್ಲೇ ಎತ್ತಿ, ಅದರಲ್ಲೇ ಇಳಿಸಿ. ಮೇಲೆ ಬಂದ ಮೇಲೆ ಜಾಲರಿ ಬಿಚ್ಚಿ ಇಂಪೆಲ್ಲರನ್ನು ಸ್ಕ್ರೂಡ್ರೈವರ್ ತುದಿಯಲ್ಲಿ ತಿರುಗಿಸಿ ನೋಡಿ. ಸರಾಗ ತಿರುಗಿದರೆ ಸಂಶಯ ಕೆಪಾಸಿಟರ್ ಮೇಲೆ. ತಿರುಗದಿದ್ದರೆ ಏನೋ ಸಿಕ್ಕಿದೆ.

ಏನು ಸಿಗುತ್ತೆ ಅಂತ ಹೇಳುತ್ತೇನೆ ಕೇಳಿ. ಹಿಂದೊಮ್ಮೆ ಒಂದು ಮನೆಯಲ್ಲಿ ಮೂರು ಸಲ ರಿವೈಂಡಿಂಗ್ ಆದ ಮೋಟಾರನ್ನು ಬಿಚ್ಚಿದೆ. ಇಂಪೆಲ್ಲರ್ ಮತ್ತು ಅದರ ಹೊರಗಿನ ಬಟ್ಟಲಿನ ನಡುವೆ ಉಗುರಿನಷ್ಟು ದೊಡ್ಡ ಒಂದು ತ್ರಿಕೋನ ಪ್ಲಾಸ್ಟಿಕ್ ಚೂರು. ತೊಳೆದು ನೋಡಿದರೆ ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಬೀಳುವ ಮೂಲೆ. ಅಡುಗೆಮನೆಯಿಂದ ಗುಡಿಸಿ ಗುಡಿಸಿ ಹೊರಗೆ ಬಂದು, ಮಳೆ ನೀರಿನ ಜೊತೆ ರ‍್ಯಾಂಪ್ ಇಳಿದು ಗುಂಡಿ ಸೇರಿತ್ತು. ಪ್ರತಿ ಸಲವೂ ವೈಂಡಿಂಗ್ ಹೊಸದು ಹಾಕಿದ್ದರು. ಆ ಬಟ್ಟಲನ್ನು ಪೂರ್ತಿ ಬಿಚ್ಚಿ ತೊಳೆದಿರಲಿಲ್ಲ.

ಕೆಪಾಸಿಟರ್ ನಿಮ್ಮ ಗೋಡೆಯ ಪ್ಯಾನಲ್ ಡಬ್ಬಿಯೊಳಗೆ ಇರುತ್ತೆ. ಕಪ್ಪು ಇಲ್ಲವೇ ಬಿಳಿ ಪ್ಲಾಸ್ಟಿಕ್ಕಿನ, ಹೆಬ್ಬೆರಳಿಗಿಂತ ದಪ್ಪನೆಯ ಉರುಳೆ. ಹೊಟ್ಟೆ ಉಬ್ಬಿದ್ದರೆ, ಅಂಟಾಗಿ ಏನೋ ಸೋರಿದ್ದರೆ ಅದು ಹೋಗಿದೆ. ಉಬ್ಬದೆಯೂ ಹೋಗಿರಬಹುದು, ಮೀಟರ್ ಇಟ್ಟು ಅಳೆಯಬೇಕು. ಮೇಲೆ ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟ್ ಅಂತ ಬರೆದಿರುತ್ತೆ. ಅದೇ ಅಳತೆಯದನ್ನೇ ಹಾಕಿಸಿ. ದೊಡ್ಡದು ಹಾಕಿದರೆ ಜೋರು ಓಡುತ್ತೆ ಅನ್ನುವ ಮಾತು ಸುಳ್ಳು, ವೈಂಡಿಂಗ್ ಬಿಸಿಯಾಗುತ್ತೆ. ಇನ್ನೂರು ರೂಪಾಯಿಯ ಒಳಗೆ ಮುಗಿಯುವ ವಸ್ತು. ಆದರೆ ಇದನ್ನು ನೀವೇ ಬಿಚ್ಚಬೇಡಿ. ಕರೆಂಟ್ ಆರಿಸಿದ ಮೇಲೂ ಕೆಪಾಸಿಟರ್ ಹೊಡೆಯುತ್ತೆ. ಗೊತ್ತಿರುವವರು ಮೊದಲು ಅದರ ಚಾರ್ಜ್ ಇಳಿಸಿಯೇ ಮುಟ್ಟುತ್ತಾರೆ.

ಮೆಕ್ಯಾನಿಕ್ ಸುಟ್ಟಿದೆ ಅಂದಿದ್ದಾರೆ ಅಲ್ವಾ? ಅವರು ಹೇಳಿದ್ದು ನಿಜವೇ ಇರಬಹುದು. ಆದರೂ ನೋಡಿ ನಂಬಿ. ನಿಮ್ಮ ಎದುರೇ ಮಲ್ಟಿಮೀಟರ್ ಇಡಲು ಕೇಳಿ. ಮೋಟಾರಿನಿಂದ ಮೂರು ತಂತಿ ಬರುತ್ತೆ, ಅರ್ತ್ ಬಿಟ್ಟು. ಎರಡೆರಡನ್ನು ಹಿಡಿದು ಅಳೆದರೆ ಮೂರು ಸಂಖ್ಯೆ ಸಿಗುತ್ತೆ. ಸಣ್ಣ ಎರಡನ್ನು ಕೂಡಿದರೆ ದೊಡ್ಡದಕ್ಕೆ ಸಮ ಬರಬೇಕು. ಬಂದರೆ ತಂತಿ ಎಲ್ಲೂ ತುಂಡಾಗಿಲ್ಲ. ಆಮೇಲೆ ಮೆಗ್ಗರ್ (ಕರೆಂಟ್ ಸೋರಿಕೆ ಪರೀಕ್ಷಿಸುವ ಮೀಟರ್) ಹಾಕಿ ತಂತಿಗೂ ಮೋಟಾರಿನ ಮೈಗೂ ನಡುವೆ ನೋಡಬೇಕು. ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ನೀರು ಒಳಗೆ ಹೋಗಿದೆ. ಎರಡೂ ಪರೀಕ್ಷೆ ಪಾಸಾದರೆ ರಿವೈಂಡಿಂಗ್ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಸುಟ್ಟ ವೈಂಡಿಂಗ್ ಬಿಚ್ಚಿದಾಗ ಮೂಗಿಗೇ ಗೊತ್ತಾಗುತ್ತೆ. ವಾರ್ನಿಷ್ ಕರಕಲಾಗಿ ಕಮಟು ವಾಸನೆ ಬರುತ್ತೆ. ಎಣ್ಣೆ ತುಂಬಿದ ಮಾದರಿಯಾದರೆ ಎಣ್ಣೆಯನ್ನೂ ನೋಡಿ. ತಿಳಿಯಾಗಿರಬೇಕು. ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ಬೆರೆತಿದೆ. ಸೀಲ್ ಬದಲಿಸದೆ ವೈಂಡಿಂಗ್ ಮಾತ್ರ ಮಾಡಿದರೆ ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಇಷ್ಟಾದರೂ ನಿಮ್ಮ ಮೂಲ ತೊಂದರೆ ಇದು ಯಾವುದೂ ಅಲ್ಲ. ಅದು ನಿಮ್ಮ ಪತ್ರದಲ್ಲೇ ಇದೆ. ‘ಎರಡು ನಿಮಿಷಕ್ಕೊಮ್ಮೆ ಆನ್ ಆಗಿ ಹತ್ತು ಹದಿನೈದು ಸೆಕೆಂಡ್ ಓಡಿ ನಿಲ್ಲುತ್ತಿತ್ತು.’ ಎರಡು ನಿಮಿಷಕ್ಕೊಮ್ಮೆ ಅಂದರೆ ಗಂಟೆಗೆ 30 ಸಲ. ದಿನಕ್ಕೆ 720 ಸಲ. ಮೋಟಾರಿಗೆ ಓಡುವುದು ಕಷ್ಟವಲ್ಲ, ಎದ್ದು ನಿಲ್ಲುವುದೇ ಕಷ್ಟ. ಪ್ರತಿ ಸಲ ಸ್ಟಾರ್ಟ್ ಆಗುವಾಗಲೂ ಆ ಐದಾರು ಪಟ್ಟು ಕರೆಂಟ್ ಒಂದು ಕ್ಷಣ ವೈಂಡಿಂಗನ್ನು ಕಾಯಿಸುತ್ತೆ. ಆ ಬಿಸಿ ಇಳಿಯುವ ಮೊದಲೇ ಇನ್ನೊಂದು ಸ್ಟಾರ್ಟ್. ಕೆಪಾಸಿಟರಿಗೂ ಅದೇ ಪೆಟ್ಟು. ನಿಮ್ಮ ಮೋಟಾರ್ ಇಷ್ಟು ದಿನ ತಡೆದಿದ್ದೇ ದೊಡ್ಡದು.

ಹೀಗೆ ಯಾಕಾಯಿತು ಅಂತ ಲೆಕ್ಕ ಹಾಕೋಣ. ನಿಮ್ಮ ಗುಂಡಿ 2 ಅಡಿಗೆ 2 ಅಡಿ. ಅದರಲ್ಲಿ 3 ಇಂಚು ನೀರು ಅಂದರೆ ಒಂದು ಘನ ಅಡಿ, ಸುಮಾರು 28 ಲೀಟರ್. ಇಂಥ ಮೋಟಾರ್ ಇಷ್ಟು ಕಡಿಮೆ ಎತ್ತರಕ್ಕೆ ಗಂಟೆಗೆ 8,000 ಲೀಟರ್ ಎತ್ತುತ್ತೆ ಅಂತ ಇಟ್ಟುಕೊಳ್ಳಿ. 28 ಲೀಟರಿಗೆ 13 ಸೆಕೆಂಡ್ ಸಾಕು. ನೀವು ಹೇಳಿದ ಹತ್ತು ಹದಿನೈದು ಸೆಕೆಂಡಿಗೆ ಸರಿಹೋಯಿತು. ಅಂದರೆ ನಿಮ್ಮ ಫ್ಲೋಟ್ ಬರೀ 3 ಇಂಚಿನೊಳಗೆ ಆನ್ ಆಫ್ ಆಡುತ್ತಿದೆ. ಜೊತೆಗೆ ನೀವು ಎನ್‌ಆರ್‌ವಿ (ಪೈಪಿನ ನೀರು ವಾಪಸ್ ಬರದಂತೆ ತಡೆಯುವ ವಾಲ್ವ್) ಬಗ್ಗೆ ಬರೆದಿಲ್ಲ. ಇಲ್ಲ ಅಂತಲೇ ನನ್ನ ಊಹೆ. ಒಂದೂವರೆ ಇಂಚಿನ 25 ಅಡಿ ಪೈಪಿನಲ್ಲಿ ಎಂಟೊಂಬತ್ತು ಲೀಟರ್ ನೀರು ನಿಂತಿರುತ್ತೆ. ಮೋಟಾರ್ ನಿಂತ ಕೂಡಲೇ ಅದು ದಬದಬ ಅಂತ ವಾಪಸ್ ಗುಂಡಿಗೆ. ಎತ್ತಿದ ನೀರಿನ ಮೂರನೇ ಒಂದು ಪಾಲನ್ನು ಆ ಬಡಪಾಯಿ ಮತ್ತೆ ಮತ್ತೆ ಎತ್ತುತ್ತಿತ್ತು. ಉಳಿದ 19 ಲೀಟರ್ ಎರಡು ನಿಮಿಷದಲ್ಲಿ ಜಿನುಗಿದ್ದು. ನಿಮಿಷಕ್ಕೆ ಸುಮಾರು ಒಂಬತ್ತೂವರೆ ಲೀಟರ್.

ಈಗ ಇದನ್ನೇ ತಿರುಗಿಸಿ ನೋಡಿ. ಫ್ಲೋಟಿನ ಆಟವನ್ನು 3 ಇಂಚಿನಿಂದ 1 ಅಡಿಗೆ ಹೆಚ್ಚಿಸಿ. ಆಗ ಒಂದು ಸಲಕ್ಕೆ 113 ಲೀಟರ್. ಎನ್‌ಆರ್‌ವಿ ಹಾಕಿ, ನೀರು ವಾಪಸ್ ಬರುವುದು ನಿಲ್ಲಲಿ. ಅಷ್ಟು ಜಿನುಗಲು 12 ನಿಮಿಷ ಬೇಕು. ಗಂಟೆಗೆ 30 ಸಲ ಇದ್ದದ್ದು 5 ಸಲಕ್ಕೆ ಇಳಿಯಿತು. ಹೊಸ ಮೋಟಾರ್ ಬೇಡ, ಹೊಸ ಗುಂಡಿಯೂ ಬೇಡ. ಗಂಟೆಗೆ 10 ಸಲ ದಾಟುವ ಸೆಲ್ಲಾರ್ ಮೋಟಾರನ್ನು ನಾನು ಹಾಗೇ ಬಿಟ್ಟು ಬರುವುದಿಲ್ಲ.

ಫ್ಲೋಟ್ ಹೊಂದಿಸುವುದು ಸುಲಭ. ಕೇಬಲ್ಲನ್ನು ಪೈಪಿಗೆ ಕಟ್ಟಿದ ಜಾಗದಿಂದ ಫ್ಲೋಟಿನವರೆಗೆ ಎಷ್ಟು ಉದ್ದ ಸಡಿಲ ಬಿಟ್ಟಿದ್ದೀರಿ ಅನ್ನುವುದರ ಮೇಲೆ ಅದರ ಆಟ ನಿಂತಿದೆ. ಉದ್ದ ಬಿಟ್ಟರೆ ಆಟ ಜಾಸ್ತಿ. ಆದರೆ ಫ್ಲೋಟ್ ಗೋಡೆಗೋ ಪೈಪಿಗೋ ತಗಲಿ ಸಿಕ್ಕಿಕೊಳ್ಳಬಾರದು. 2 ಅಡಿ ಗುಂಡಿಯಲ್ಲಿ ಇದೇ ಕಷ್ಟ, ಅದಕ್ಕೇ ಹಾಕುವವರು ಗಿಡ್ಡವಾಗಿ ಕಟ್ಟಿ ಬಿಡುತ್ತಾರೆ. ಜಾಗ ಸಾಲದಿದ್ದರೆ ನೇರ ಮೇಲೆ ಕೆಳಗೆ ಚಲಿಸುವ ಫ್ಲೋಟ್ ಸಿಗುತ್ತೆ, ಅದನ್ನು ಹಾಕಿಸಿ. ಇನ್ನೊಂದು, ನಿಮ್ಮದು ಓಪನ್‌ವೆಲ್ ಮೋಟಾರ್. ಅದು ತಣ್ಣಗಾಗುವುದೇ ಸುತ್ತಲಿನ ನೀರಿನಿಂದ. ಮೈ ಪೂರ್ತಿ ಮುಳುಗಿರಬೇಕು. ಹಾಗಾಗಿ ಆಫ್ ಆಗುವ ಮಟ್ಟ ಮೋಟಾರಿನ ಬೆನ್ನಿಗಿಂತ ಮೇಲಿರಲಿ. ಮಲಗಿದ ಮೋಟಾರ್ ಸುಮಾರು 9 ಇಂಚು, ಅದರ ಮೇಲೆ 1 ಅಡಿ ಆಟ, ಒಟ್ಟು 21 ಇಂಚು. ನಿಮ್ಮ ಗುಂಡಿ 30 ಇಂಚು ಆಳವಿದೆ, ಸಾಕು.

ಎನ್‌ಆರ್‌ವಿ ಹಾಕಿಸುವಾಗ ಒಂದು ಸೂಕ್ಷ್ಮ ಇದೆ. ಅನುಭವಸ್ಥ ಪ್ಲಂಬರುಗಳೂ ಬಿಡುತ್ತಾರೆ. ಮೋಟಾರಿಗೂ ವಾಲ್ವಿಗೂ ನಡುವೆ ಗಾಳಿ ಸಿಕ್ಕಿಕೊಂಡರೆ ಮೋಟಾರ್ ಓಡುತ್ತೆ, ನೀರು ಬರಲ್ಲ. ವಾಲ್ವ್ ಕೆಳಗಿನ ಪೈಪಿಗೆ 3 ಮಿಲಿಮೀಟರಿನ ಒಂದು ಸಣ್ಣ ತೂತು ಹಾಕಿಸಿ, ಗುಂಡಿಯ ಒಳಗೇ ಇರುವ ಹಾಗೆ. ಮೋಟಾರ್ ಓಡುವಾಗ ಅದರಿಂದ ಸಣ್ಣಗೆ ನೀರು ಚಿಮ್ಮುತ್ತೆ. ಸೋರಿಕೆ ಅಂತ ಯಾರಾದರೂ ಎಂಸೀಲ್ ಹಚ್ಚಿ ಮುಚ್ಚಲು ಬಂದರೆ ಬಿಡಬೇಡಿ.

ರಿವೈಂಡಿಂಗ್ ಮಾಡಿಸಲೇಬೇಕು ಅಂತಾದರೆ ಅದೇ ದುಡ್ಡಿಗೆ ಸ್ವಲ್ಪ ಸೇರಿಸಿ ನಿಂತುಕೊಂಡು ಓಡುವ ಡ್ರೈನೇಜ್ ಪಂಪ್ ತೆಗೆದುಕೊಳ್ಳಿ ಎಂದೇ ನನ್ನ ಸಲಹೆ. ಓಪನ್‌ವೆಲ್ ಪಂಪ್ ತಿಳಿ ನೀರಿಗೆ ಮಾಡಿದ್ದು. ಮಣ್ಣು ನೀರು, ಎಲೆ, ಚೂರುಗಳನ್ನು ಅದು ತಡೆಯಲ್ಲ. ಹಳೆಯದನ್ನು ಎಸೆಯಬೇಡಿ, ಸರಿಮಾಡಿಸಿ ಎರಡನೆಯದಾಗಿ ಇಟ್ಟುಕೊಳ್ಳಿ. ತಂತಿ ಎರಡೂವರೆ ಸ್ಕ್ವೇರ್ ಎಂಎಂ ಇರಲಿ. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುವ ಬೀದಿಯಾದರೆ ಕಡಿಮೆ ವೋಲ್ಟೇಜಿಗೆ ಕಟ್ ಆಗುವ ಪ್ಯಾನಲ್ ಹಾಕಿಸಿ. ಅರ್ತಿಂಗ್ ಸರಿ ಇದೆಯಾ ನೋಡಿಸಿ. ಈ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಅದು ಪದೇ ಪದೇ ಬೀಳುತ್ತೆ ಅಂತ ಬೈಪಾಸ್ ಮಾಡಿಕೊಟ್ಟು ಹೋಗುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಅದು ಬೀಳುತ್ತಿದೆ ಅಂದರೆ ಎಲ್ಲೋ ಕರೆಂಟ್ ನೀರಿಗೆ ಸೋರುತ್ತಿದೆ.

ಮಳೆ ಜೋರಾದ ರಾತ್ರಿಯೇ ಕರೆಂಟ್ ಹೋಗುವುದು. ಮನೆಯ ಸಾಮಾನ್ಯ ಇನ್ವರ್ಟರ್ ಅರ್ಧ ಎಚ್‌ಪಿ ಮೋಟಾರನ್ನು ಸ್ಟಾರ್ಟ್ ಮಾಡಲ್ಲ, ಆ ಮೊದಲ ಎಳೆತಕ್ಕೇ ಟ್ರಿಪ್ ಆಗುತ್ತೆ. ನಿಮಗೆ ಬೇಕಿರುವುದು ನಿಮಿಷಕ್ಕೆ ಹತ್ತು ಲೀಟರ್ ಅಷ್ಟೇ. ಅದಕ್ಕೆ ಕಾರ್ ಬ್ಯಾಟರಿಯಲ್ಲಿ ಓಡುವ 12 ವೋಲ್ಟಿನ ಸಣ್ಣ ಡಿಸಿ ಪಂಪ್ ಸಾಕಾಗುತ್ತೆ. ಡಬ್ಬದ ಮೇಲೆ ಬರೆದಿರುವ ಲೀಟರ್ ಲೆಕ್ಕ ಎತ್ತರ ಇಲ್ಲದಾಗಿನದು. ಹತ್ತು ಅಡಿ ಎತ್ತಿದರೆ ಅರ್ಧಕ್ಕಿಂತಲೂ ಕಡಿಮೆ ಬರಬಹುದು. ಅದನ್ನು ಅಂದಾಜು ಮಾಡಿ ಕೊಳ್ಳಿ, ಅದರ ಪೈಪ್ ಬೇರೆಯೇ ಇರಲಿ. ಮಳೆ ನೀರು ರ‍್ಯಾಂಪ್ ಇಳಿದು ಬರುವುದನ್ನು ಮಾತ್ರ ಯಾವ ಪಂಪೂ ತಡೆಯಲ್ಲ. ರ‍್ಯಾಂಪ್ ತಲೆಯಲ್ಲಿ ಗೇಟಿನ ಅಡಿ ನಾಲ್ಕು ಇಂಚಿನ ದಿಬ್ಬ, ಅದರ ಹಿಂದೆ ಕಬ್ಬಿಣದ ಜಾಲರಿಯ ಕಾಲುವೆ ಮಾಡಿಸಿ. ಗುಂಡಿಗೂ ಒಂದು ಸಣ್ಣ ಕಣ್ಣಿನ ಜಾಲರಿ ಹಾಕಿಸಿ.

ಕೊನೆಗೆ ನಿಮ್ಮ ಕುಡಿಯುವ ನೀರಿನ ಸಂಪ್. ಅದನ್ನು ಈಗ ಖಾಲಿ ಮಾಡಬೇಡಿ. ಕನ್ನಂಬಾಡಿ 124.80 ಅಡಿ ತುಂಬಿ ನಾಲೆಯಲ್ಲಿ ನೀರು ಹರಿಯುತ್ತಿರುವಾಗ, ಗದ್ದೆಗಳೆಲ್ಲ ನೀರು ನಿಲ್ಲಿಸಿಕೊಂಡಿರುವಾಗ, ನಿಮ್ಮ ಕಡೆಯ ಅಂತರ್ಜಲ ನೆಲಕ್ಕೆ ತೀರಾ ಹತ್ತಿರ ಬಂದಿರುತ್ತೆ. ಆಗ ಖಾಲಿ ಸಂಪ್ ಅಂದರೆ ನೀರಲ್ಲಿ ಒತ್ತಿ ಹಿಡಿದ ಖಾಲಿ ಬಿಂದಿಗೆ ಇದ್ದ ಹಾಗೆ. ಕೆಳಗಿನಿಂದ ನೀರು ಅದನ್ನು ಎತ್ತುತ್ತೆ. ಪ್ಲಾಸ್ಟಿಕ್ ಟ್ಯಾಂಕ್ ಹೂತಿದ್ದರೆ ಎದ್ದೇ ಬರುತ್ತೆ. ಕಲ್ಲು, ಇಟ್ಟಿಗೆಯದಾದರೆ ತಳ ಬಿರುಕು ಬಿಡುತ್ತೆ. ತಳ ಒಮ್ಮೆ ಬಿರಿದರೆ ಮುಂದೆ ಪ್ರತಿ ವರ್ಷ ಕೆಂಪು ನೀರು ಒಳಗೆ ಬರುತ್ತೆ. ನಿಮಗೆ ಈಗಲೇ ಸ್ವಲ್ಪ ಬಂದಿದೆ ಅಂದರೆ ಮುಚ್ಚಳದ ಕಡೆಯಿಂದ ಬಂತೋ ತಳದಿಂದಲೋ ಅನ್ನುವುದು ಮುಖ್ಯ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರ್ ಒಂದು ರಾತ್ರಿ ಆಫ್ ಇಟ್ಟು, ನಲ್ಲಿ ನೀರು ಬರದ ಹೊತ್ತಲ್ಲಿ, ಸಂಪಿನ ಮಟ್ಟಕ್ಕೆ ಗೆರೆ ಹಾಕಿ. ಮಳೆ ಇಲ್ಲದೆಯೂ ಬೆಳಿಗ್ಗೆ ಏರಿದ್ದರೆ ತಳವೋ ಗೋಡೆಯೋ ಬಿರಿದಿದೆ.

ಅಲ್ಲಿಯವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಗಾಡಿ ತೊಳೆಯಲು, ಗಿಡಕ್ಕೆ ಸಾಕು. ಕುಡಿಯುವುದಕ್ಕೆ ನಲ್ಲಿಯಿಂದ ನೇರ ಹಿಡಿದು, ಕುದಿಸಿ ಕುಡಿಯಿರಿ. ನಾಲೆಗೆ ನೀರು ನಿಲ್ಲಿಸಿ ಎರಡು ವಾರ ಆಗಲಿ. ಸೆಲ್ಲಾರ್ ಗುಂಡಿಯ ಮೋಟಾರ್ ಅರ್ಧ ದಿನ ಆಫ್ ಇಟ್ಟರೂ ಗುಂಡಿಯಲ್ಲಿ ನೀರು ಏರದಿದ್ದರೆ ಹೊರಗಿನ ನೀರು ಇಳಿದಿದೆ ಅಂತ ತಿಳಿಯಿರಿ. ಸಂಪ್ ಖಾಲಿ ಮಾಡಿಸಲು ಅದೇ ಸರಿಯಾದ ಕಾಲ. ಮುಚ್ಚಳ ತೆಗೆದು ಅರ್ಧ ದಿನ ಗಾಳಿಗೆ ಬಿಡಿ, ಫ್ಯಾನ್ ಹೊರಗಿಟ್ಟು ಒಳಕ್ಕೆ ಗಾಳಿ ಬೀಸಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದೆ ಇಳಿದವರು, ಅವರನ್ನು ಎತ್ತಲು ಹಿಂದೆಯೇ ಇಳಿದವರು ಇಬ್ಬರೂ ಸತ್ತಿರುವುದುಂಟು. ತೊಳೆಯಲು ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಹಿಡಿದು ಮೇಲೆ ಇಬ್ಬರು ನಿಂತಿರಬೇಕು. ಅವರು ಮೇಲೆ ಬರುವವರೆಗೆ ಆ ಇಬ್ಬರು ಕದಲಬಾರದು.